ಕಾಲುತೊಳೆ ಮಾವ

ಎದುರಿಗೆ ಬಂದವರ ಮುಖವನ್ನು ಆತ ಮೊದಲು ನೋಡಿದ್ದನ್ನು ನಾನಂತೂ ಕಂಡವನಲ್ಲ. ದೃಷ್ಟಿ ನೇರವಾಗಿ ಪಾದಗಳ ಮೇಲೆಯೇ ಬೀಳುತ್ತಿತ್ತು. ಊರಿನ ಈಜುಕೊಳದ ನೀರನ್ನು ಶುದ್ಧವಾಗಿಡುವುದು ಆತನ ಉದ್ಯೋಗ. "ಕಾಲು ತೊಳ್ಕೊಂಡ್ರಾ?" ಎಂಬುದೇ ಆತನ ನಮಸ್ಕಾರ, ಅದೇ ಕುಶಲಪ್ರಶ್ನೆ. ಮಕ್ಕಳು 'ಕಾಲುತೊಳೆ ಮಾವ' ಎಂದು ಹೆಸರಿಟ್ಟ ಮೇಲೆ ಹೆತ್ತವರಿಟ್ಟ ಹೆಸರು ಹೆಂಡತಿಗಾದರೂ ನೆನಪಿತ್ತೋ ಇಲ್ಲವೋ.

ಒದ್ದೆ ನೆಲದಲ್ಲಿ ಕಲಿತ ನಡಿಗೆ ಆತನದು. ಒಣ ರಸ್ತೆಯಲ್ಲಿಯೂ ಎಲ್ಲಿ ಜಾರೀತೋ ಎಂಬ ಶಂಕೆಯಿಂದ ಹೆಬ್ಬೆರಳೂರಿಯೇ ಹೆಜ್ಜೆ ಇಡುತ್ತಿದ್ದ. ನೀರಿಗೆ ಹಾಕುವ ಔಷಧಿ, ಕ್ಲೋರಿನ್, ಸಿಡಿದಲ್ಲೆಲ್ಲ ಬಿಳಿಚಿಕೊಂಡ ಒಂದು ನೀಲಿ ಕೋಟು ಸದಾ ಮೈಮೇಲೆ. ಮಗಳ ಮದುವೆಗೂ ಅದನ್ನೇ ತೊಟ್ಟು ಹೊರಟಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳಂತೆ. ಬೆಳಿಗ್ಗೆ ಜಾಲರಿಯಿಂದ ಎಲೆ, ಕೂದಲುಗಳನ್ನೆತ್ತಿ, ತಳದ ಕಪ್ಪು ಗೆರೆ ನಿಚ್ಚಳವಾಗಿ ಕಾಣುವ ತನಕ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ.

ಇಂಥ ಕಟ್ಟುನಿಟ್ಟಿನ ಮನುಷ್ಯನಿಗೆ ಅಜಾಗರೂಕನೆಂಬ ಅಪಖ್ಯಾತಿಯೂ ಇತ್ತೆಂದರೆ ನಂಬುವುದು ಕಷ್ಟ. ಆಗಾಗ ಸೀಟಿ ಊದಿ, "ಔಷಧಿ ಜಾಸ್ತಿ ಬಿತ್ತು, ತಪ್ಪು ನಂದೇ, ಎಲ್ಲ ಆಚೆ ಬನ್ನಿ" ಎಂದು ಕೊಳವನ್ನು ಮುಚ್ಚಿಬಿಡುತ್ತಿದ್ದ. ಇನ್ನೊಮ್ಮೆ ಕೈತಪ್ಪಿದರೆ ನೀರಿನ ಹತ್ತಿರ ಸುಳಿಯಗೊಡುವುದಿಲ್ಲವೆಂದು ಮೇಲ್ವಿಚಾರಕರು ಎಚ್ಚರಿಸಿದ್ದರು.

ಅದಾದ ಸ್ವಲ್ಪ ದಿನಕ್ಕೆ ಶಾಲೆಗಳ ಈಜು ಸ್ಪರ್ಧೆ ಬಂತು. ನಮ್ಮ ಶಾಲೆಯ ಮಕ್ಕಳನ್ನು ಕರೆತಂದಿದ್ದ ನಾನು ಕೊಳದ ಆಳವಿಲ್ಲದ ತುದಿಯಲ್ಲಿ ನಿಂತಿದ್ದೆ. ಅಲ್ಲಿ ಒಬ್ಬ ಪುಟ್ಟ ಹುಡುಗಿ ಇದ್ದಕ್ಕಿದ್ದಂತೆ ಕಲ್ಲಾಗಿ ನಿಂತಳು. ಮಕ್ಕಳ ಹೊಟ್ಟೆ ಮೊದಲೇ ಹೇಳಿ ಕೆಡುವುದಿಲ್ಲ. ನೀರಿನಲ್ಲಿ ಆಗಬಾರದ್ದು ಆಗಿಹೋಗಿತ್ತು. ಕಂಡವರು ನಾನು ಮತ್ತು ದಡದಲ್ಲಿದ್ದ ಕಾಲುತೊಳೆ ಮಾವ, ಇಬ್ಬರೇ. ಸೀಟಿ ಹಿಡಿದ ಆತನ ಕೈ ಅರೆಗಳಿಗೆ ತಡೆಯಿತು. ಆಮೇಲೆ ಸೀಟಿ ಮೊಳಗಿತು, ಹಿಂದೆಯೇ ಅದೇ ಹಳೆಯ ಮಾತು: ಔಷಧಿ ಜಾಸ್ತಿ ಬಿತ್ತು, ತಪ್ಪು ನಂದೇ. ಪದಕದ ಆಸೆಯಿಂದ ಬಂದಿದ್ದ ತಂದೆತಾಯಿಗಳು ಬಾಯಿಗೆ ಬಂದಂತೆ ಬೈದರು. ಆತ ಹುಡುಗಿಗೆ ತನ್ನ ಕೋಟು ಸುತ್ತಿ ತಾಯಿಯ ಬಳಿಗೆ ಕಳಿಸಿ, ಜಾಲರಿ ಹಿಡಿದು ನೀರಿಗೆ ಬಾಗಿದ. ಆ ಹಿಂದಿನ 'ಕೈತಪ್ಪು'ಗಳೆಲ್ಲ ಏನೆಂದು ನನಗೆ ಆಗ ಹೊಳೆಯಿತು.

ಮಾರನೆಯ ದಿನವೇ ಜಾಲರಿ ಇನ್ನೊಬ್ಬನ ಕೈಗೆ ಹೋಗಿ, ಈತನ ಪಾಲಿಗೆ ಬಾಗಿಲಲ್ಲಿ ಚಪ್ಪಲಿ ಕಾಯುವ ಕೆಲಸ ಬಂತು.

"ಇದ್ದದ್ದನ್ನ ನಾನು ಹೋಗಿ ಹೇಳ್ತೀನಿ ಮಾವ," ಎಂದೆ.

"ಬೇಡ ಮೇಷ್ಟ್ರೇ. ನನ್ನ ತಪ್ಪು ಅಂದ್ರೆ ನಾಲ್ಕು ದಿನ ಬೈದು ಮರೀತಾರೆ. ಮಗೂದು ಅಂದ್ರೆ ಅದಕ್ಕೊಂದು ಹೆಸರಿಡ್ತಾರೆ. ಇಟ್ಟ ಹೆಸರು ಯಾವ ಔಷಧಿಗೂ ಹೋಗಲ್ಲ. ನನ್ನನ್ನೇ ನೋಡಿ." ಹೇಳುತ್ತಲೇ ಆತನ ಕಣ್ಣು ನನ್ನನ್ನು ದಾಟಿ ದೂರದ ನೀರಿನ ಮೇಲೆ ನೆಟ್ಟಿತ್ತು.

ಕೆಲವು ದಿನಗಳ ನಂತರ ಆ ಹುಡುಗಿ ತಾಯಿಯ ಸೆರಗಿನ ಮರೆಯಲ್ಲಿ ಅಂಜುತ್ತ ಬಂದಳು. ಆತ ಎಂದಿನಂತೆ ಪಾದ ನೋಡಿದ.

"ಕಾಲು ತೊಳ್ಕೊಂಡ್ಯಾ ಪುಟ್ಟಿ?"

ಅವಳು ನಕ್ಕು ನಲ್ಲಿಯತ್ತ ಓಡಿದಳು.

ಕೊಳೆಯನ್ನು ಕಂಡು ಬೆರಳು ತೋರಿಸುವವರಿಗೆ ಯಾವ ಊರಿನಲ್ಲಿಯೂ ಬರವಿಲ್ಲ. ಅದನ್ನು ತೆಗೆದೂ, ಯಾರದೆಂದು ಬಾಯಿಬಿಡದವರು ಅಲ್ಲೊಬ್ಬರು ಇಲ್ಲೊಬ್ಬರು. ನೀರು ತಿಳಿಯಾಗುತ್ತದೆ, ಜನ ಈಜುತ್ತಾರೆ. ಕಲೆಗಳು ಮಾತ್ರ ಅವರ ಕೋಟಿನ ಮೇಲೆ ಉಳಿಯುತ್ತವೆ.