ಪಟ್ಟಿಯಲ್ಲಿಲ್ಲದ ಮಗ

ನಮ್ಮ ಸೇನಾ ಡಿವಿಜನ್ನಿನ ಯುದ್ಧಚರಿತ್ರೆ ಬರೆಯುವ ಕೆಲಸ ನನ್ನ ತಲೆಯ ಮೇಲೆ ಬಿದ್ದದ್ದು 1954ರಲ್ಲಿ. ಎರಡನೇ ಮಹಾಯುದ್ಧದಲ್ಲಿ ನಾನು ಅದರ ಗುಮಾಸ್ತ. ಬಂದೂಕಿಗಿಂತ ಟೈಪ್‌ರೈಟರನ್ನೇ ಹೆಚ್ಚು ಹಿಡಿದವನು. ಮಡಿದವರ ಪಟ್ಟಿ ನನ್ನ ಬಳಿಯೇ ಇತ್ತು. ಚರ್ಚಿನ ಅಂಗಳದಲ್ಲಿ ನಿಲ್ಲಿಸುವ ಸ್ಮಾರಕದ ಕಲ್ಲಿನ ಮೇಲೂ ಈ ಪುಸ್ತಕದಲ್ಲಿ ಬರುವ ನಮ್ಮೂರವರ ಹೆಸರುಗಳನ್ನೇ ಕೆತ್ತಿಸುವುದೆಂದು ಪಾದ್ರಿ ಒಪ್ಪಿದ್ದರು.

ಅದನ್ನು ಕೇಳಿಯೇ ಒಟ್ಟೀಲಿಯಾ ಕ್ನಾಪ್ ನನ್ನ ಮನೆಗೆ ಬಂದರು. ಬಟ್ಟೆ ಒಗೆದು ಬದುಕುವ ವಿಧವೆ. ಒಬ್ಬನೇ ಮಗ ವಿಲಿಬಾಲ್ಡ್, ನಮ್ಮ ಡಿವಿಜನ್ನಿನವನೇ.

"ನನ್ನ ಮಗನ ಹೆಸರು ಹಾಕ್ತೀರಲ್ವಾ, ಲಿಂಕೆ ಅವರೇ?"

ಯುದ್ಧ ಮುಗಿಯಲು ಒಂಬತ್ತು ದಿನವಿದ್ದಾಗ ಹತ್ತೊಂಬತ್ತರ ಆ ಹುಡುಗ ರೈಫಲ್ ಬಿಸಾಕಿ ಮನೆ ಕಡೆ ನಡೆದಿದ್ದ. ನಮ್ಮವರೇ ಹಿಡಿದು, ಹತ್ತು ನಿಮಿಷ ವಿಚಾರಣೆ ಮಾಡಿ, ಹೊಲದಂಚಿನಲ್ಲಿ ಗುಂಡಿಟ್ಟು ಕೊಂದರು. ತೀರ್ಪು ಟೈಪ್ ಮಾಡಿದವನು ನಾನು. ಅಂಥವರನ್ನು ಮಡಿದವರ ಕಾಲಮ್ಮಿಗೆ ಸೇರಿಸುತ್ತಿರಲಿಲ್ಲ. ವರ್ಗವಾದವರು, ವಜಾ ಆದವರ ಜೊತೆ 'ಇತರ ಕಾರಣದಿಂದ ಕಡಿಮೆಯಾದವರು' ಎಂದು ಬರೆಯುತ್ತಿದ್ದೆವು. ಹೆಣಕ್ಕೂ ಶಿಸ್ತು ಕಲಿಸುವ ಜನ ನಾವು.

"ಹೇಗೆ ಸತ್ತ ಅಂತ ನಂಗೆ ಗೊತ್ತು," ಎಂದರು ಆಕೆ. "ಅದೆಲ್ಲ ಬರೀಬೇಡಿ. ಹೆಸರು ಸಾಕು. ಎಲ್ಲಿ ಹೂತ್ರೋ ಯಾರೂ ಹೇಳ್ಲಿಲ್ಲ. ಹೂವು ಇಡೋಕೆ ಒಂದು ಜಾಗ ಬೇಕಲ್ಲ."

"ಹಾಕ್ತೀನಮ್ಮಾ," ಎಂದೆ. ಕರಡುಪ್ರತಿಯಲ್ಲಿ ಹಾಕಿದೆ ಕೂಡ.

ಭಾನುವಾರ ಮಧ್ಯಾಹ್ನ ಹೋಟೆಲಿನ ಹಿಂದಿನ ಕೋಣೆಯಲ್ಲಿ ಹಳೆಯ ಸೈನಿಕರ ಸಂಘ ಸೇರಿತು. ಅಧ್ಯಕ್ಷ ಮೇಜರ್ ಹೆಲ್ವಿಗ್ ಆ ಕರಡುಪ್ರತಿಯ ಪುಟ ತಿರುವುತ್ತಾ ಒಂದು ಕಡೆ ಬೆರಳಿಟ್ಟ.

"ಏನ್ರೀ ಇದು? ಓಡಿಹೋದವನನ್ನ ಪ್ರಾಣ ಕೊಟ್ಟವರ ಪಕ್ಕ ಕೂರಿಸ್ತೀರಾ?"

"ಅವನ ಪ್ರಾಣಾನೂ ಹೋಯ್ತಲ್ಲ, ಮೇಜರ್ ಸಾಹೇಬ್ರೇ."

"ಅವನು ಕೊಟ್ಟಿದ್ದಲ್ಲ, ನಾವು ತಗೊಂಡಿದ್ದು." ಬಿಯರ್ ಹಿಡಿದು ಕೂತವರು ನಕ್ಕರು. ಹೆಲ್ವಿಗ್ ಪೆನ್ಸಿಲನ್ನು ನನ್ನತ್ತ ತಳ್ಳಿದ. "ಬೇಕಾದ್ರೆ ಇಟ್ಕೊಳ್ಳಿ. ಆದ್ರೆ ತೀರ್ಪು ಟೈಪ್ ಮಾಡಿದ್ಯಾರು ಅಂತಾನೂ ಕೆಳಗೆ ಬರೀರಿ. ಚರಿತ್ರೆ ಅಂದ್ಮೇಲೆ ಪೂರ್ತಿ ಇರ್ಬೇಕಲ್ವಾ?"

ಅಂದು ಆ ಹುಡುಗನಿಗೆ ಗುಂಡಿಡಲು ಹೇಳಿದವನು ಈ ಮೇಜರನೇ. ನಾನು ಪೆನ್ಸಿಲ್ ಕೈಗೆತ್ತಿಕೊಂಡೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಹೆಸರನ್ನು ಹೊಡೆದುಹಾಕಿದ್ದು ನನ್ನ ಕೈಯೇ.

ಪುಸ್ತಕ ಅಚ್ಚಾದ ವಾರವೇ ಒಟ್ಟೀಲಿಯಾ ಮತ್ತೆ ನನ್ನ ಮನೆಗೆ ಬಂದು ಒಂದು ಪ್ರತಿ ಕೈಗೆತ್ತಿಕೊಂಡರು. ಪಟ್ಟಿಯ ಮೇಲೆ ಬೆರಳು ಜಾರಿಸುತ್ತಾ ಎರಡು ಸಲ ಓದಿದರು. ಆಮೇಲೆ ಮುನ್ನುಡಿಗೆ ತಿರುಗಿಸಿ, ಮೇಜರ್ ಬರೆದಿದ್ದ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು: "ಮಡಿದವರಲ್ಲಿ ಒಬ್ಬನ ಹೆಸರನ್ನೂ ಮರೆಯದ ನಮ್ಮ ಲಿಂಕೆಗೆ ವಂದನೆಗಳು."

ಪುಸ್ತಕ ಮುಚ್ಚಿ ನನ್ನ ಕೈಗಿಟ್ಟರು.

"ನಿಜ," ಎಂದರು. "ನೀವು ಮರೀಲಿಲ್ಲ."