ದೊಡ್ಡಮ್ಮನ ಕೈಯೇ ಮೀಟರ್

ದೊಡ್ಡಮ್ಮನ ಕೈಯಲ್ಲಿ ಚರ್ಮ ಉಳಿದದ್ದು ಹೆಸರಿಗೆ ಮಾತ್ರ. ಕಾಸ್ಟಿಕ್ ಸೋಡಾದಲ್ಲಿ ಬೆಂದ ಬಾಳೆದಿಂಡಿನ ನಾರನ್ನು ನಾಲ್ಕು ವರ್ಷದಿಂದ ತೊಟ್ಟಿಯಲ್ಲಿ ಜಾಲಾಡುತ್ತಿರುವ ಕೈ ಅದು. ತೊಟ್ಟಿಯ ಕೆಲಸಕ್ಕೆ ನಾವು ಏಳು ಜನ ಹೆಂಗಸರು. ನಾವು ತೊಳೆದ ನಾರು ಒಳಗಿನ ಎಸಿ ಕೋಣೆಯ ಯಂತ್ರದಲ್ಲಿ ನುರಿದು ನುರಿದು, ಕೂದಲಿಗಿಂತ ಸಾವಿರ ಪಟ್ಟು ಸಣ್ಣ ಎಳೆಯಾಗುತ್ತದಂತೆ. ಕಣ್ಣಿಗೆ ಕಾಣುವುದಿಲ್ಲ. ಕಾಣದಿದ್ದರೂ ಅದಕ್ಕೆ ಪ್ರಶಸ್ತಿ ಬಂದಿದೆ. ಎಸೆಯುವ ಕಸಕ್ಕೂ ಮರ್ಯಾದೆ ತಂದುಕೊಟ್ಟ ಪುಣ್ಯಾತ್ಮರು ಈ ಕಾರ್ಖಾನೆಯ ಯಜಮಾನರಾದ ನಮ್ಮ ಡಾಕ್ಟರ್ ಸಾಹೇಬರು. ಕಾಯಿಲೆ ನೋಡುವ ಡಾಕ್ಟರಲ್ಲ, ಓದಿ ಆದ ಡಾಕ್ಟರ್.

ಕಾಸ್ಟಿಕ್ ಪೂರ್ತಿ ಹೋಯಿತೇ ಎಂದು ತಿಳಿಯಲು ನಾರನ್ನು ಬೆರಳಲ್ಲಿ ಉಜ್ಜಬೇಕು. ಜಾರಿದರೆ ಇನ್ನೂ ಇದೆ ಎಂದರ್ಥ. ಒಮ್ಮೆ ದೊಡ್ಡಮ್ಮ ಕೈಗವಸು ಕೇಳಿದಾಗ ಸಾಹೇಬರು ನಕ್ಕಿದ್ದರು.

"ನಿನ್ನ ಕೈಯೇ ನಮ್ಮ ಮೀಟರ್ ದೊಡ್ಡಮ್ಮ. ಮೀಟರಿಗೆ ಯಾರಾದ್ರೂ ಅಂಗಿ ತೊಡಿಸ್ತಾರಾ?"

ಹೊಗಳಿದರು ಎಂದು ಉಬ್ಬಿ ನಾವೂ ನಕ್ಕೆವು. ಹುಚ್ಚು ಮುಂಡೇವು!

ಮೊನ್ನೆ ಮೊನ್ನೆ ಬಾಗಿಲಿಗೆ ಹೆಬ್ಬೆರಳು ಒತ್ತುವ ಹಾಜರಿ ಯಂತ್ರ ಬಂತು. ದೊಡ್ಡಮ್ಮ ಒತ್ತಿದಳು. ಕೆಂಪು ದೀಪ. ಸೆರಗಿಗೆ ಒರೆಸಿ ಒತ್ತಿದಳು. ಮತ್ತೆ ಕೆಂಪು. ಬೆರಳ ಗೆರೆಗಳನ್ನೆಲ್ಲ ಕಾಸ್ಟಿಕ್ ತಿಂದು ತೇಗಿತ್ತು. ನಮ್ಮದೂ ಒಂದು ದಿನ ಹಸಿರು, ಎರಡು ದಿನ ಕೆಂಪು.

ಇವತ್ತು ಬೆಳಿಗ್ಗೆ ಗುಮಾಸ್ತ ಅವಳನ್ನು ತಡೆದ. "ಹತ್ತು ದಿನದಿಂದ ನೀನು ಬಂದಿಲ್ಲ ಅಂತ ತೋರಿಸ್ತಿದೆ. ನಾಳೆಯಿಂದ ಬರಬೇಡ."

"ಎದುರಿಗೇ ನಿಂತಿದೀನಲ್ಲಪ್ಪಾ!"

"ನೀನು ನಿಂತಿರಬಹುದು. ಯಂತ್ರ ಸುಳ್ಳು ಹೇಳಲ್ಲ."

ಬಂದೇ ಇಲ್ಲದವಳಿಗೆ ಬರಬೇಡ ಎನ್ನುವ ಜಾಣ! ನನಗೆ ಮೈಯೆಲ್ಲ ಉರಿಯಿತು.

ಸ್ವಲ್ಪ ಹೊತ್ತಿಗೆ ಸಾಹೇಬರು ಅತಿಥಿಗಳನ್ನು ಕರೆದುಕೊಂಡು ಬಂದರು. ತೊಟ್ಟಿಯಲ್ಲಿ ನಾರು ಹಾಗೇ ಬಿದ್ದಿತ್ತು. ದೊಡ್ಡಮ್ಮ ಕಟ್ಟೆಯ ಮೇಲೆ ಕೈಕಟ್ಟಿ ಕೂತಿದ್ದಳು. ಪಕ್ಕದಲ್ಲಿ ನಾವು ಆರು ಜನ.

"ಏನಿದು? ತೊಳೀರಿ!" ಸಾಹೇಬರು ಹಲ್ಲು ಕಚ್ಚಿದರು.

"ನಾನು ಬಂದೇ ಇಲ್ವಲ್ಲ ಸಾರ್," ಎಂದಳು ದೊಡ್ಡಮ್ಮ. "ಬರದವಳು ಹೇಗೆ ತೊಳೀಲಿ?"

"ನಾವೂ ಬಂದಿಲ್ಲ ಸಾರ್," ಎಂದೆ.

ಅತಿಥಿಯೊಬ್ಬರು ತೊಟ್ಟಿಗೆ ಬಗ್ಗಿದರು. "ಇದು ತೊಳೆದಾಗಿದೆಯಾ ಇಲ್ವಾ? ಹೇಗೆ ತಿಳಿಯುತ್ತೆ?"

"ಕೈ ಹಾಕಿ ನೋಡ್ಬೇಕು," ಎಂದ ದೊಡ್ಡಮ್ಮ ಸಾಹೇಬರತ್ತ ತಿರುಗಿ, ಸರಿದು ಜಾಗ ಬಿಟ್ಟಳು. "ಬನ್ನಿ ಸಾರ್. ಇವತ್ತು ನಿಮ್ಮ ಮೀಟರ್ ಹಾಕಿ."

ಎಲ್ಲರೂ ನೋಡುತ್ತಿದ್ದರು. ಸಾಹೇಬರು ಅಂಗಿಯ ತೋಳು ಮಡಚಿದರು. ತೊಟ್ಟಿಯವರೆಗೂ ಬಂದರು. ನಿಂತರು. ಆಮೇಲೆ ಗುಮಾಸ್ತನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಕೈಗವಸು ಎಲ್ಲಿದೆ?"