ಐದು ಮೊಟ್ಟೆ, ಒಂದು ಹೊಟ್ಟೆ

ಮೂಗಿನ ತುದಿಯ ಮೇಲೊಂದು ನೊಣ, ಕೂತಿದೆಯೋ ಹೊರಟಿದೆಯೋ ತಿಳಿಯದ ಹಾಗೆ, ಓಡಿಸೋಣವೆಂದರೆ ಕೈ ಎತ್ತುವಂತಿಲ್ಲ, ಕೈ ಎತ್ತಿದರೆ ಕಂಕುಳು ತೆರೆಯುತ್ತದೆ, ಕಂಕುಳು ತೆರೆದರೆ ಮೊಟ್ಟೆ ಜಾರುತ್ತದೆ — ಊದು ಪಾಲ್‌ಬೊಂಗ್, ಊದು — ಕೆಳತುಟಿ ಮುಂದೆ ಚಾಚಿ ಮೇಲಕ್ಕೆ ಊದಿದ, ನೊಣ ಹಣೆಗೆ ಹೋಗಿ ಕೂತಿತು, ಹೋಗಲಿ, ಹಣೆ ಅದಕ್ಕೇ ಇರಲಿ. ಗೊಕ್‌ಸೊಂಗ್ ಗುಡ್ಡದ ದಾರಿಯ ತಿರುವುಗಳಲ್ಲಿ ಆಯುಷ್ಯವೆಲ್ಲ ಬಸ್ಸು ಓಡಿಸಿದವನು, ಒಂದು ಸಲವೂ ಯಾರ ಬುಟ್ಟಿಯ ಮೊಟ್ಟೆಯನ್ನೂ ಒಡೆಯದವನು, ಈಗ ಹಾಡಹಗಲೇ ನೆಲಕ್ಕೆ ಬೆನ್ನು ಹಚ್ಚಿ, ಹೆಂಡತಿ ಸೊಂಟನೋವಿಗೆ ಸುತ್ತಿಕೊಳ್ಳುವ ಉಣ್ಣೆ ಪಟ್ಟಿಯನ್ನು ಹೊಟ್ಟೆಗೆ ಬಿಗಿದು, ಅದರೊಳಗೆ ಮೂರು, ಕಂಕುಳಿಗೊಂದರಂತೆ ಎರಡು ನವಿಲು ಮೊಟ್ಟೆ ಇಟ್ಟುಕೊಂಡು ಮಲಗಿದ್ದಾನೆ, ಉಸಿರು ಜೋರಾಗಿ ಎಳೆದುಕೊಂಡರೂ ಹೊಟ್ಟೆಯ ಮೇಲಿನ ಮೂರೂ ಟಕ್ಕೆಂದು ಒಂದಕ್ಕೊಂದು ತಾಗುತ್ತವೆ, ಆ ಸದ್ದು ಹಲ್ಲಿನೊಳಗೆ ಕೇಳಿಸುತ್ತದೆ, ಮೆಲ್ಲಗೆ, ಮೆಲ್ಲಗೆ, ಇಳಿಜಾರಿನಲ್ಲಿ ಬ್ರೇಕ್ ಒತ್ತುವ ಹಾಗೆ ಉಸಿರಾಡಬೇಕು. ಇದಕ್ಕೆಲ್ಲ ಕಾರಣ ಆ ಛೇರ್ಮನ್ನೇ, ಹಿತ್ತಲ ಬಲೆಮನೆಯಲ್ಲಿ ಗರಿ ಕೆದರಿಕೊಂಡು ಕಿರುಚುತ್ತಿರುವ ಗಂಡು ನವಿಲು, ಕತ್ತೆತ್ತಿ ಓಡಾಡುವ ಠೀವಿ ನೋಡಿ ಊರವರೇ ಇಟ್ಟ ಹೆಸರು, ನಿನ್ನೆ ಸಂಜೆ ಊರ ಮುಖ್ಯಸ್ಥ ಧ್ವನಿವರ್ಧಕದಲ್ಲಿ ಏನೋ ಸಾರುತ್ತಿದ್ದಾಗ ಸರಿಯಾಗಿ ಅದೇ ಹೊತ್ತಿಗೆ ಗಂಟಲು ಬಿಚ್ಚಿತು — ನಾಳೆ ಬೆಳಿಗ್ಗೆಯಿಂದ, ಕ್ಯಾಂವ್, ಊರಿಗೆಲ್ಲ, ಕ್ಯಾಂವ್, ಎಲ್ಲರೂ ಸಹಕರಿಸಿ — ಪಾಲ್‌ಬೊಂಗ್ ಸಹಕರಿಸಲು ತಲೆಯಾಡಿಸಿದ್ದ, ಯಾವುದಕ್ಕೆ ಎಂದು ಗೊತ್ತಾಗಿದ್ದು ಇವತ್ತು ಕರೆಂಟು ಹೋಗಿ, ಮರಿ ಮಾಡುವ ಯಂತ್ರದ ದೀಪ ಕಣ್ಣು ಮುಚ್ಚಿದಾಗ.

ಯಂತ್ರ ಬೇಡ ಅಂದಿದ್ದ ತಾನು, ಅಂದಿದ್ದನಲ್ಲ, ಆದರೆ ಮೆಲ್ಲಗೆ ಅಂದಿದ್ದ, ಹೆಂಡತಿ ಜೊಮ್‌ಸುನ್‌ಳ ಮುಂದೆ ಮೂವತ್ತು ವರ್ಷದಿಂದ ಮೆಲ್ಲಗೇ ಅನ್ನುತ್ತ ಬಂದಿದ್ದಾನೆ. ಹೆಣ್ಣು ನವಿಲೇ ಕಾವಿಗೆ ಕೂರಲಿ ಎಂದರೆ ಅದಕ್ಕೆ ಆ ಗೊಡವೆಯೇ ಬೇಡ, ಮುಸ್ಸಂಜೆ ಅಟ್ಟಣಿಗೆಯ ಮೇಲೆ ಕೂತಲ್ಲಿಂದಲೇ ಮೊಟ್ಟೆ ಬೀಳಿಸುತ್ತದೆ, ಮೊದಲನೆಯದು ಹೀಗೇ ಪಚಕ್ಕಾಯಿತು, ಆಮೇಲೆ ದಿನಾ ಸಂಜೆ ಕೆಳಗೆ ಹುಲ್ಲು ಹಾಸಿ ಅದರ ಮೇಲೆ ಕೌದಿ ಹಿಡಿದು ನಿಲ್ಲುತ್ತಿದ್ದ, ಮೇಲಿನಿಂದ ಮೊಟ್ಟೆಗಿಂತ ಬೇರೆಯದೇ ಹೆಚ್ಚು ಬೀಳುತ್ತಿತ್ತು, ಹೆಣ್ಣು ನವಿಲು ಇಳಿದು ಮೊಟ್ಟೆಯ ಪಕ್ಕದಲ್ಲೇ ಹಾದು ಹೋಗುತ್ತಿತ್ತು, ಯಾರದೋ ಮೊಟ್ಟೆ ಎಂಬಂತೆ, ನೋಡ್ರೀ ಅವಳ ನಡಿಗೇನ, ಒಂದಿನ ಆದ್ರೂ ಹಂಗೆ ಮನೆ ಬಿಟ್ಟು ನಡೀಬೇಕು ಅನ್ಸತ್ತೆ ನಂಗೆ, ಎಂದಿದ್ದಳು ಜೊಮ್‌ಸುನ್. ಹಾಗಾದರೆ ಕೋಳಿಯ ಕೆಳಗೆ ಇಡೋಣ ಎಂದ, ಯಾರ ಕೋಳಿ ಎಂದಳು, ಊರಲ್ಲೆಲ್ಲ ಈಗ ಕಾವಿಗೆ ಕೂತಿರುವುದು ಒಂದೇ ಒಂದು, ಅಕ್ಕ ಒಕ್‌ಬುನ್‌ಳ ಕರಿಮೂಳೆಯ ಹೇಂಟೆ, ಬಿಳಿ ರೇಷ್ಮೆಯಂಥ ಪುಕ್ಕದ್ದು, ಕೆಳಗೆ ಕಲ್ಲಿಟ್ಟರೂ ಬಿಸಿ ಮಾಡುವಂಥದ್ದು. ಆ ನಿಮ್ಮಕ್ಕನ ಹತ್ರ ಕೈಚಾಚೋದಾ, ನಾನು ಸತ್ತಮೇಲೆ ಹೋಗಿ ಕೇಳಿ, ಆಮೇಲೆ ಹಬ್ಬಹಬ್ಬಕ್ಕೂ ಎತ್ತಾಡ್ತಾಳೆ, ನನ್ ಕೋಳಿ ಇಲ್ದಿದ್ರೆ ನಿಮ್ ನವಿಲು ಎಲ್ಲಿರ್ತಿತ್ತು ಅಂತ — ಅಲ್ಲಿಗೆ ಯಂತ್ರ ಬಂತು, ಒಂದು ವಾರ ಅದರ ಮುಂದೆ ಕೂತು ನೀರು ತುಂಬಿ, ಶಾಖ ನೋಡಿ, ಕತ್ತಲ ಕೋಣೆಯಲ್ಲಿ ಮೊಟ್ಟೆಗೆ ಟಾರ್ಚು ಹಿಡಿದು ಒಳಗೆ ಕೆಂಪು ಎಳೆಗಳು ಹರಡಿದ್ದನ್ನು ಕಂಡು ಇಬ್ಬರೂ ಕೈ ಹಿಡಿದುಕೊಂಡಿದ್ದರು, ಮದುವೆಯಲ್ಲೂ ಹಾಗೆ ಹಿಡಿದಿರಲಿಲ್ಲ. ಅವಳೀಗ ಊರ ಹೆಂಗಸರ ಜೊತೆ ಬಸ್ಸು ಹತ್ತಿ ಕಡಲ ಕಡೆಗೆ ಹಸಿ ಮೀನು ತಿನ್ನಲು ಹೋಗಿದ್ದಾಳೆ, ಬಸ್ಸಿನಲ್ಲಿ ಕುಣಿಯುತ್ತಿರಬೇಕು. ಬೆನ್ನಿಗೆ ನೆಲ ತಣ್ಣಗಾಗುತ್ತಿದೆ, ನೆಲದಡಿಯ ಕೊಳವೆಗೆ ಬಿಸಿನೀರು ತಳ್ಳುವ ಪಂಪಿಗೂ ಕರೆಂಟೇ ಬೇಕಲ್ಲ, ಬೆಳಿಗ್ಗೆ ರೊಟ್ಟಿಯ ಹೆಂಚಿನಂತಿತ್ತು, ಈಗ ಉಂಡೆದ್ದ ತಟ್ಟೆಯಂತಿದೆ, ಒಬ್ಬ ಮನುಷ್ಯನ ಮೈಯಲ್ಲಿ ಎಷ್ಟು ಬಿಸಿ ಇರುತ್ತದೆ, ಐದು ಜೀವಕ್ಕೆ ಸಾಲುವಷ್ಟು ಇದ್ದೀತೇ, ಇಷ್ಟು ದಿನ ಅದನ್ನೆಲ್ಲ ಸುಮ್ಮನೆ ಗಾಳಿಗೆ ಬಿಟ್ಟೆನಲ್ಲ.

ಅಕ್ಕ ಮಾತು ಬಿಟ್ಟದ್ದು ಕಳೆದ ಶರತ್ಕಾಲದಲ್ಲಿ, ಅವಳು ಗೊಜ್ಜು ಮಾಗಿಸುವ ಜಾಡಿ ಕಟ್ಟೆಯ ಮೇಲೆ ಹೊಳೆಯುವ ದೊಡ್ಡ ಜಾಡಿಯ ಮೈಯಲ್ಲಿ ಛೇರ್ಮನ್ ಇನ್ನೊಂದು ಛೇರ್ಮನ್ನನ್ನು ಕಂಡು ಹಾರಿ ಒದ್ದು, ಮುಚ್ಚಳ ಚೂರಾಗಿ, ಮೂರು ವರ್ಷ ಮಾಗಿದ್ದ ಸೋಯಾ ಗೊಜ್ಜಿನಲ್ಲಿ ಮೊಣಕಾಲಿನವರೆಗೆ ಇಳಿದು ನಿಂತಿತ್ತು, ನಿಂತದ್ದಷ್ಟೇ ಅಲ್ಲ, ಗರಿ ಬಿಚ್ಚಿತ್ತು, ಓಡಿಬಂದ ಪಾಲ್‌ಬೊಂಗ್ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು, ಮೇಲ್ಗಡೆ ಒಂದಿಷ್ಟು ತೆಗೆದಾಕಿದ್ರೆ ಆಯ್ತು ಅಕ್ಕ, ಅಡೀದು ಚೆನ್ನಾಗೇ ಇರತ್ತೆ, ಎಂದ. ಅಡಿಯದು ಚೆನ್ನಾಗೇ ಇತ್ತೋ ಏನೋ, ಅಕ್ಕನ ಮುಖ ಚೆನ್ನಾಗಿರಲಿಲ್ಲ. ಅವ್ವ ಸತ್ತಾಗ ತನಗೆ ಹಲ್ಲು ಬಂದಿರಲಿಲ್ಲ, ಅಕ್ಕನೇ ಬೆನ್ನಿಗೆ ಕಟ್ಟಿಕೊಂಡು ಶಾಲೆಗೆ ಹೋಗಿದ್ದಳಂತೆ, ಬೆಂಚಿಗೆ ಒರಗಿದರೆ ಕೂಸು ನಲುಗುತ್ತದೆಂದು ಇಡೀ ದಿನ ನೆಟ್ಟಗೆ ಕೂರುತ್ತಿದ್ದಳಂತೆ — ಅಯ್ಯೋ ಸೀನು ಬರುತ್ತಿದೆ, ಬೇಡ, ನಾಲಗೆಯನ್ನು ಅಂಗುಳಕ್ಕೆ ಒತ್ತು, ಒತ್ತಿದ, ಕಣ್ಣಲ್ಲಿ ನೀರು ಬಂತು, ಸೀನು ಹಿಂದಕ್ಕೆ ಹೋಯಿತು, ಆದರೆ ಎಡಗಡೆಯದು ಜಾರಿತು, ತಣ್ಣನೆಯ ನೆಲಕ್ಕೆ ತಾಗಿ ನಿಂತಿತು, ಒಡೆಯಲಿಲ್ಲ, ಬೆರಳ ತುದಿಯಿಂದ ಎಳೆಯೋಣವೆಂದರೆ ಸಿಗುವುದಿಲ್ಲ, ಒಂದು ಗೇಣು ದೂರ, ಅದನ್ನು ಹಿಡಿಯಹೋದರೆ ನಾಲ್ಕು ಹೋಗುತ್ತವೆ, ಬಿಟ್ಟರೆ ಒಂದು ಹೋಗುತ್ತದೆ, ಎಷ್ಟು ಹೊತ್ತಾಯಿತು ಹೀಗೆ ಅದನ್ನೇ ನೋಡುತ್ತ —

ಏ ಪಾಲ್‌ಬೊಂಗಾ, ಹೊರಗ್ ಬಾರೋ, ನಿನ್ ದರಿದ್ರ ಹಕ್ಕಿ ಮತ್ತೆ ನನ್ ಜಾಡಿ ಕಟ್ಟೆ ಹತ್ತಿ ಕೂತಿದೆ! ಅಂಗಳದಲ್ಲಿ ಅಕ್ಕ, ಅಕ್ಕನದೇ ದನಿ, ಎಷ್ಟು ತಿಂಗಳಾದ ಮೇಲೆ, ಹಿತ್ತಲಲ್ಲಿ ಚಿಲಕ ಹಾಕಿದ ಬಲೆಮನೆಯೊಳಗಿಂದ ಛೇರ್ಮನ್ ಕ್ಯಾಂವ್ ಎಂದಿತು, ನಾನಿಲ್ಲಿದ್ದೇನಲ್ಲ ಎಂಬಂತೆ, ಅದಲ್ದಿದ್ರೆ ಅದರ ಥರದ್ದೇ ಇನ್ನೊಂದು, ಎಂದಳು ಅಕ್ಕ. ಬರಕ್ಕಾಗಲ್ಲ ಅಕ್ಕ, ನೀನೇ ಬಾ. ಬಾಗಿಲು ಸರಿಯಿತು, ಮೊದಲು ಕಂಡದ್ದು ಅವಳ ರಬ್ಬರ್ ಚಪ್ಪಲಿ ಕಳಚುವ ಕಾಲು, ಆಮೇಲೆ ತೋಳಿನಡಿ ಗಂಟುಬಟ್ಟೆಯಲ್ಲಿ ಸುತ್ತಿದ ಏನೋ, ಬಟ್ಟೆಯ ಬಾಯಿಂದ ಕಪ್ಪು ಮುಖವೊಂದು ಹೊರಗಿಣುಕಿ ಕೊರ್ ಎಂದಿತು. ಜಾಡಿ ಕಟ್ಟೆಯಿಂದ ನವಿಲು ಓಡಿಸಲು ಯಾರು ಕೋಳಿ ತರುತ್ತಾರೆ, ಕೇಳಬೇಡ, ಪಾಲ್‌ಬೊಂಗ್, ಬಾಯಿ ಮುಚ್ಚಿಕೋ, ಮುಚ್ಚಿಕೊಂಡ. ಏನೋ ಇದು ಅವತಾರ, ಬಸ್ರಿ ಥರ ಮಲ್ಕೊಂಡಿದ್ಯಾ, ಕರೆಂಟ್ ಹೋಗತ್ತೆ ಅಂತ ಊರಿಗೆಲ್ಲ ಕೂಗಿದ್ರು, ನಿನ್ ಕಿವಿಗೇನು ಗೊಜ್ಜು ಮೆತ್ತಿತ್ತಾ? ಅಕ್ಕ, ಕೋಳಿ ಮೂರು ವಾರಕ್ಕೆ ಎದ್ಬಿಡತ್ತೆ, ನವಿಲು ಮೊಟ್ಟೆಗೆ ನಾಲ್ಕು ಬೇಕಲ್ಲ. ಒಂದು ವಾರ ಆ ಡಬ್ಬದಲ್ಲಿ ಆಗಿದೆಯಲ್ಲೋ ಮಂಕೆ, ಇನ್ನ ಉಳಿದಿರೋದೆಷ್ಟು, ಲೆಕ್ಕ ಹಾಕು, ಏನಾದ್ರೂ ಮುಂಚೆ ಎದ್ರೆ ಉಳಿದಿದ್ದಕ್ಕೆ ನೀನೇ ಕೂರು, ಅಭ್ಯಾಸ ಆಗಿದೆಯಲ್ಲ. ಜೊಮ್‌ಸುನ್‌ಗೆ ಏನ್ ಹೇಳ್ಲಿ? ನಾನೇ ನಿನ್ ಕಾಲಿಗ್ ಬಿದ್ದು ಬೇಡ್ಕೊಂಡೆ, ನನ್ ಕೋಳಿ ಬೇಜಾರ್ ಪಡ್ತಿತ್ತು, ತಗೊಳ್ಳಿ ಅಂದೆ ಅಂತ ಹೇಳು.

ಯಂತ್ರದ ರಟ್ಟಿನ ಪೆಟ್ಟಿಗೆಯಲ್ಲೇ ಹುಲ್ಲು ತುಂಬಿ ಹೇಂಟೆಯನ್ನು ಕೂರಿಸಿದಳು, ಅದು ಪುಕ್ಕ ಉಬ್ಬಿಸಿ ಪೆಟ್ಟಿಗೆಯೆಲ್ಲ ತಾನೇ ಆಯಿತು, ಅಕ್ಕ ಅವನ ಹೊಟ್ಟೆಪಟ್ಟಿಯೊಳಗೆ ಕೈ ಹಾಕಿ ಒಂದು ಮೊಟ್ಟೆ ತೆಗೆದಳು, ಕಣ್ಣು ಮುಚ್ಚಿ ಮೊಟ್ಟೆಯನ್ನು ರೆಪ್ಪೆಗೆ ಒತ್ತಿ ಹಿಡಿದಳು, ಕೈಗೆ ಗೊತ್ತಾಗಲ್ಲ ಬಿಸಿ, ಕೈ ದಡ್ಡ, ರೆಪ್ಪೆಗೆ ಗೊತ್ತಾಗತ್ತೆ, ಇದಿದೆ, ಜೀವ ಇದೆ — ಹೇಂಟೆಯ ಕೆಳಗೆ ತಳ್ಳಿದಳು. ಇನ್ನೊಂದು ರೆಪ್ಪೆಗೆ, ಇದಿದೆ. ಮೂರನೆಯದು. ಬಲಗಂಕುಳಿನದು, ಥೂ, ಬೆವರು ನಾತ, ಆದ್ರೂ ಇದೆ. ಆಮೇಲೆ ನೆಲದ ಮೇಲೆ ಜಾರಿ ಬಿದ್ದದ್ದು, ಅದನ್ನೆತ್ತಿ ಅಂಗೈಯಲ್ಲಿ ಒಮ್ಮೆ ಹೊರಳಿಸಿದಳು, ರೆಪ್ಪೆಗೆ ಒತ್ತಿದಳು, ಪಾಲ್‌ಬೊಂಗ್ ಈಗ ಏಳಬಹುದಿತ್ತು, ಮೈಮೇಲೆ ಏನೂ ಇಲ್ಲ, ಏಳಲಿಲ್ಲ, ಸತ್ತಿದೆಯಾ ಅಕ್ಕ ಎಂದು ಕೇಳಬೇಕು, ಕೇಳಲಾರ, ಸುಕ್ಕುಗಟ್ಟಿದ ತೆಳು ರೆಪ್ಪೆ, ಅದರ ಮೇಲೆ ಕೆನೆ ಬಣ್ಣದ ಚಿಪ್ಪು, ಅಕ್ಕನ ಇನ್ನೊಂದು ಕೈ ಮೇಲೆದ್ದಿದೆ, ಸುಮ್ಮನಿರು ಎಂದು. ಇದೂ ಇದೆ, ಎಂದಳು, ಆದರೆ ತೆಗೆಯಲಿಲ್ಲ, ಮುಚ್ಚಿದ ಕಣ್ಣು, ಕಣ್ಣ ಮೇಲೆ ಮೊಟ್ಟೆ, ಅಲುಗಿದ್ದು ರೆಪ್ಪೆಯೋ ಒಳಗಿನದೋ, ಮುಚ್ಚಿದ ಕಣ್ಣು, ಕಣ್ಣ ಮೇಲೆ ಮೊಟ್ಟೆ —